ಬುತ್ತಿ ಎಂಬ ಫೋಲ್ಡರು

ತೆಂಗಿನಕಾಯಿ ಒಡೆಯುವುದರಲ್ಲಿ ನನಗೊಂದು ಹೆಸರಿತ್ತು. ಬಿ.ಎ., ಬಿ.ಎಡ್. ಎಂದು ಹೆಸರಿನ ಮುಂದೆ ಬರೆದುಕೊಳ್ಳುವುದಕ್ಕೂ ಎಷ್ಟೋ ಮೊದಲು ಬಂದ ಹೆಸರು ಅದು. ನಮ್ಮ ದೊಡವಾಡದಲ್ಲಿ ಯಾರ ಮನೆಗೆ ಹೊಸ ಎತ್ತು ಬರಲಿ, ನೀರೆತ್ತುವ ಪಂಪು ಬರಲಿ, ಹೊಲಿಗೆ ಮಷಿನ್ನು ಬರಲಿ, "ಆ ಹುಡಗನ್ನ ಕರೀರಿ, ಒಂದ ಏಟಿಗೆ ಒಡೀತಾನ" ಎನ್ನುತ್ತಿದ್ದರು. ನಾನೂ ಗತ್ತಿನಿಂದ ಹೋಗುತ್ತಿದ್ದೆ. ಕಾಯಿಯನ್ನು ನೀರಲ್ಲಿ ಅದ್ದಬೇಕು, ಕಣ್ಣುಗಳು ಹೆಬ್ಬೆರಳಿನ ಕಡೆ ಬರುವಂತೆ ಹಿಡಿಯಬೇಕು, ಕಲ್ಲಿನ ಅಂಚಿಗೆ ನಟ್ಟನಡುವೆ ಒಂದೇ ಏಟು. ಹೋಳುಗಳೆರಡೂ ಅಳೆದು ಕೊಯ್ದ ಹಾಗೆ ಬೇರೆಯಾಗಬೇಕು. ಎರಡನೇ ಏಟು ಬೇಕಾಯಿತೆಂದರೆ ಅವತ್ತು ನನಗೆ ಊಟ ಸೇರುತ್ತಿರಲಿಲ್ಲ.

ನನ್ನ ಜೊತೆ ಅಕ್ಕ ಬರುತ್ತಿದ್ದಳು, ಕೈಯಲ್ಲೊಂದು ತಂಬಿಗೆ ಹಿಡಿದು. ನನಗಿಂತ ಐದು ವರ್ಷ ದೊಡ್ಡವಳು. ಕಾಯಿ ಬಿರಿಯುವ ಗಳಿಗೆಗೆ ಸರಿಯಾಗಿ ತಂಬಿಗೆಯನ್ನು ಅದರ ಕೆಳಗೆ ತರುವುದು ಅವಳ ಕೆಲಸ. ನನ್ನ ಕೈಯನ್ನೇ ನೋಡುತ್ತ ನಿಂತಿರುತ್ತಿದ್ದಳು. ಒಂದು ಹನಿ ನೀರು ನೆಲಕ್ಕೆ ಬಿದ್ದದ್ದು ನನಗೆ ನೆನಪಿಲ್ಲ. ಜನ ನನ್ನ ಬೆನ್ನು ತಟ್ಟಿ ಕಳಿಸುತ್ತಿದ್ದರು. ದಾರಿಯಲ್ಲಿ ಅಕ್ಕ ಅಣಕಿಸುತ್ತಿದ್ದಳು.

"ಒಡಿಯೂದು ಎಲ್ಲಾರಿಗೂ ಕಾಣತೈತಿ. ನೀರ ಹಿಡಿಯೂದು ಯಾರಿಗೂ ಕಾಣಂಗಿಲ್ಲ. ಒಂದಿನ ನಾ ಬರೂದ ಇಲ್ಲ, ಆಗ ನೋಡೂಣು ನಿನ್ನ ಶಾಣ್ಯಾತನ."

ಈಗ ನಾನು ಕಾಯಿ ಒಡೆಯುವುದಿಲ್ಲ. ಯಾಕೆಂದು ಹೇಳಲು ಹೋದರೆ ಕಂಪ್ಯೂಟರಿನ ಮಾತು ಬರುತ್ತದೆ. ಕಂಪ್ಯೂಟರಿನ ಮಾತು ಬಂದರೆ ಬುತ್ತಿಯ ಮಾತು ಬರಲೇಬೇಕು. ಸ್ವಲ್ಪ ಸುತ್ತು. ನಮ್ಮ ಕಡೆಯ ಬಸ್ಸುಗಳೂ ಹೀಗೇ ನಾಲ್ಕು ಊರು ಹೊಕ್ಕು ಹೊರಬಿದ್ದು ಮುಟ್ಟಿಸುತ್ತವೆ, ಮುಟ್ಟಿಸುವುದಂತೂ ಖರೆ.

ನಾನು ಧಾರವಾಡದಲ್ಲಿ ಓದುತ್ತಿದ್ದಾಗ ಊಟ ಊರಿಂದ ಬರುತ್ತಿತ್ತು. ಹಳ್ಳಿಯಿಂದ ಬಂದು ರೂಮು ಮಾಡಿಕೊಂಡಿದ್ದ ನಮ್ಮಂಥ ಹುಡುಗರಿಗೆಲ್ಲ ಹಾಗೇ. ಬೆಳಗಿನ ಮೊದಲ ಬಸ್ಸಿನಲ್ಲಿ, ಡ್ರೈವರನ ಹಿಂದೆ, ಗೇರ್ ಪೆಟ್ಟಿಗೆಯ ಬಿಸಿ ತಾಗುವ ಕಡೆ ಬುತ್ತಿ ಡಬ್ಬಿಗಳು ಸಾಲಾಗಿ ಕೂತು ಬರುತ್ತಿದ್ದವು. ನನ್ನದು ಮುಚ್ಚಳದ ಸ್ಟೀಲ್ ಡಬ್ಬಿ. ಅಕ್ಕನ ಹರಿದ ಸೀರೆಯ ಹಸಿರು ತುಂಡಿನಲ್ಲಿ ಕಟ್ಟಿದ್ದು. ಒಳಗೆ ನಾಲ್ಕು ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಮೇಲೊಂದು ಉಳ್ಳಾಗಡ್ಡಿ. ಬಸ್ ಸ್ಟ್ಯಾಂಡಿನಲ್ಲಿ ನಾನು ಕಾಯುತ್ತ ನಿಂತಿರುತ್ತಿದ್ದೆ. ಕಂಡಕ್ಟರ್ ನನಗೆ 'ಡಿಗ್ರಿ' ಎಂದೇ ಹೆಸರಿಟ್ಟಿದ್ದ.

"ಏ ಡಿಗ್ರಿ, ತಗೋ ನಿನ್ನ ಬುತ್ತಿ. ನಿಮ್ಮಕ್ಕ ಹೇಳ್ಯಾಳ, ರೊಟ್ಟಿ ಕಟಕ ಆಗ್ಯಾವಂತ, ಪಲ್ಯಾದಾಗ ಅದ್ದಿಕೊಂಡ ತಿನ್ನಬೇಕಂತ. ಇನ್ನೊಂದೇನೋ ಹೇಳಿದ್ಲಪ, ಮರತೆ. ಹಾಂ, ತಲಿಗೆ ಎಣ್ಣಿ ಹಚ್ಚಿಕೊ ಅಂದಾಳ."

ಬಸ್ಸು ತುಂಬ ಜನ ನಗುತ್ತಿದ್ದರು. ನನಗೆ ನಾಚಿಕೆಯಾಗಿ ಡಬ್ಬಿ ಕಸಿದುಕೊಂಡು ಓಡುತ್ತಿದ್ದೆ. ಸಂಜೆ ಅದೇ ಬಸ್ಸಿಗೆ ಡಬ್ಬಿ ತೊಳೆದು ತಿರುಗಿ ಕಳಿಸುವುದು. ಮೊದಲ ವಾರ ಹಾಗೇ ಕಳಿಸಿದೆ. ಎಂಟನೇ ದಿನ ಕಂಡಕ್ಟರ್ ಇಳಿಯುವ ಮೊದಲೇ ಕೂಗಿದ: "ಡಿಗ್ರೀ, ಬೈಸಿಕೊಂಡ ಬಂದೇನಿ ನಿನ್ನ ಸಲುವಾಗಿ. ಖಾಲಿ ಡಬ್ಬಿ ಕಳಸ್ತೀಯಂತ. ನಮ್ಮ ಮನ್ಯಾಗ ಭಾಂಡೆ ಖಾಲಿ ತಿರಗಿ ಕೊಡೂ ಪದ್ಧತಿ ಇಲ್ಲ ಅಂತ ಹೇಳ್ರಿ ಅವಂಗ ಅಂದ್ಲು."

ಏನು ಹಾಕುವುದು? ನನ್ನಲ್ಲಿ ಏನಿತ್ತು? ಒಂದು ದಿನ ರೂಮಿನ ಹಿಂದಿನ ಗಿಡದ ಪೇರಲಹಣ್ಣು ಹಾಕಿದೆ. ಒಂದು ದಿನ ಪೇಪರಿನಲ್ಲಿ ಬಂದ ಹುಲಿಯ ಚಿತ್ರ. ಏನೂ ಸಿಗದ ದಿನ ಒಂದು ಚೀಟಿ ಬರೆದು ಹಾಕಿದೆ: 'ಅಕ್ಕಾ ಪುಂಡಿಪಲ್ಲೆ ಚಲೋ ಇತ್ತು.' ಅಕ್ಷರಗಳನ್ನು ದಪ್ಪಗೆ, ಬಿಡಿಬಿಡಿಯಾಗಿ ಬರೆದಿದ್ದೆ. ಅಕ್ಕ ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಅವಳ ಹೆಸರು ತೆಗೆಸಿದ ಜೂನಿನಲ್ಲೇ ನನ್ನ ಹೆಸರನ್ನು ಸಾಲಿಗೆ ಹಚ್ಚಿದರು. ಮನೆಯಲ್ಲಿ ಎರಡು ಎಮ್ಮೆ, ಹೊಲದಲ್ಲಿ ಹತ್ತಿ, ಯಾರಾದರೂ ಒಬ್ಬರು ಉಳಿಯಬೇಕಿತ್ತು. ಯಾರು ಉಳಿಯಬೇಕೆಂದು ಯಾರೂ ಯಾರನ್ನೂ ಕೇಳಿದ್ದು ನನಗೆ ಗೊತ್ತಿಲ್ಲ.

ಆ ಚೀಟಿಯನ್ನು ಅಕ್ಕ ಎಮ್ಮೆ ಕಟ್ಟುವ ಗೂಟದ ಪಕ್ಕ ಕುಳಿತು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳಂತೆ. "ಎಮ್ಮಿ ಸೈತ ಮೇಯೂದು ಬಿಟ್ಟ ಕೇಳಾಕತ್ತಿತ್ತು" ಎಂದು ಅವ್ವ ಈಗಲೂ ಹೇಳುತ್ತಾಳೆ. ಅಲ್ಲಿಂದ ದಿನಾ ಒಂದು ಚೀಟಿ. ಮೂರು ವರ್ಷ.

ಡಿಗ್ರಿ ಮುಗಿದ ಮೇಲೆ ಧಾರವಾಡದ ಸ್ಟುಡಿಯೋದಲ್ಲಿ ಕರಿ ನಿಲುವಂಗಿ ಹಾಕಿಕೊಂಡು ಫೋಟೋ ತೆಗೆಸಿದೆ. ನಮ್ಮ ಮನೆತನದಲ್ಲೇ ಮೊದಲನೆಯವನು, ತೆಗೆಸದೆ ಬಿಡಲಾದೀತೇ? ನಿಲುವಂಗಿ ಸ್ಟುಡಿಯೋದವರದು, ನನಗಿಂತ ಗಿಡ್ಡ ಇದ್ದವನ ಅಳತೆಯದು. ಮನೆಗೆ ತಂದಾಗ ಅಕ್ಕ ಬಹಳ ಹೊತ್ತು ನೋಡಿದಳು. "ವಕೀಲರಂಗ ಕಾಣಸ್ತಿ ತಮ್ಮಾ" ಎಂದಳು. ಆಮೇಲೆ ಬಗ್ಗಿ ನೋಡಿ, "ಚಪ್ಪಲಿ ಉಂಗುಷ್ಟ ಕಿತ್ತೈತಿ, ಅದೂ ಬಂದೈತಿ ಫೋಟೋದಾಗ" ಎಂದು ನಕ್ಕಳು. ಮರುದಿನದಿಂದ ದೇವರ ಪೂಜೆಯಾದ ಮೇಲೆ ಆ ಗಾಜಿಗೂ ಒಂದು ಬೆರಳು ವಿಭೂತಿ ಹಚ್ಚತೊಡಗಿದಳು. ಬ್ಯಾಡ ಅಂದರೂ ಕೇಳಲಿಲ್ಲ.

ಅಕ್ಕನನ್ನು ರಾಮದುರ್ಗದ ಕಡೆಯ ಕಟಕೋಳಕ್ಕೆ ಕೊಟ್ಟರು. ನನಗೆ ಬೈಲಹೊಂಗಲದ ಹತ್ತಿರದ ಹೈಸ್ಕೂಲಿನಲ್ಲಿ ನೌಕರಿ ಸಿಕ್ಕಿತು. ಪೇಟೆಯಲ್ಲಿ ಮನೆ ಮಾಡಿದೆ, ಅವ್ವನನ್ನು ಕರೆದುಕೊಂಡು ಬಂದೆ. ವರ್ಷಗಳು ಹೋದವು. ಬುತ್ತಿ ನಿಂತಿತು, ಚೀಟಿಯೂ ನಿಂತಿತು. ಅಕ್ಕನ ಮಗ ಅವಳಿಗೊಂದು ಮೊಬೈಲು ಕೊಡಿಸುವವರೆಗೆ ನಾವಿಬ್ಬರೂ ಹಬ್ಬಕ್ಕೆ ಹುಣ್ಣಿಮೆಗೆ ಮಾತಾಡುವವರಾಗಿಬಿಟ್ಟಿದ್ದೆವು.

ಮೊಬೈಲು ಬಂದ ಮೇಲೆ ಬುತ್ತಿ ಮತ್ತೆ ಶುರುವಾಯಿತು. ಬರೆಯಲು ಅವಳಿಗೆ ಬೇಸರ. ಮೈಕಿನ ಚಿತ್ರ ಒತ್ತಿ ಮಾತಾಡಿದರೆ ಧ್ವನಿ ಹೋಗುತ್ತದೆ ಎಂದು ಮಗ ತೋರಿಸಿಕೊಟ್ಟಿದ್ದ. ದಿನಾ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಒಂದು ಬರುತ್ತಿತ್ತು. ಪ್ರತಿಯೊಂದೂ ಒಂದೇ ಥರ ಶುರು: "ತಮ್ಮಾ, ನಾ ಅಕ್ಕ ಮಾತಾಡಾಕತ್ತೇನಿ." ಬೇರೆ ಯಾರು ನನ್ನನ್ನು ತಮ್ಮಾ ಎನ್ನುತ್ತಾರೆ?

"ತಮ್ಮಾ, ನಾ ಅಕ್ಕ ಮಾತಾಡಾಕತ್ತೇನಿ. ಎಮ್ಮಿ ಈದೈತಿ. ಗಿಣ್ಣ ಮಾಡೇನಿ, ನೀ ಇರಬೇಕಿತ್ತ ನೋಡ."

"ತಮ್ಮಾ, ನಾ ಅಕ್ಕ ಮಾತಾಡಾಕತ್ತೇನಿ. ನಿನ್ನಿ ಸವದತ್ತಿ ಗುಡ್ಡಕ್ಕ ಹೋಗಿದ್ವಿ. ಬರುವಾಗ ನವಿಲುತೀರ್ಥದಾಗ ನೀರ ನೋಡಿದೆ, ದಂಡಿ ಮಟಾ ಬಂದೈತಿ. ಅಷ್ಟ ನೀರ ಕಂಡ ಕೂಡಲೆ ನನಗ ಯಾಕೋ ನಿಮ್ಮೆಲ್ಲಾರ ನೆನಪಾತು. ಅವ್ವಗ ಹೇಳು."

ಎಷ್ಟೋ ಸಲ ಮಾತು ಮುಗಿದರೂ ನಿಲ್ಲಿಸಲು ಅವಳಿಗೆ ತಿಳಿಯುತ್ತಿರಲಿಲ್ಲ. ಮೊಬೈಲನ್ನು ಅಲ್ಲೇ ಎಲ್ಲೋ ಇಟ್ಟು ಕೆಲಸಕ್ಕೆ ಹತ್ತುತ್ತಿದ್ದಳು. ಅದು ತನ್ನಷ್ಟಕ್ಕೆ ತುಂಬಿಕೊಳ್ಳುತ್ತಿತ್ತು. ರೊಟ್ಟಿ ಬಡಿಯುವ ಸಪ್ಪಳ, ಬಳೆ, ಕೋಳಿಗೆ ಬೈಗುಳ, ಒಲೆ ಊದುವ ಉಸಿರು. ಮಾತಿಗಿಂತ ನನಗೆ ಇವೇ ಹೆಚ್ಚು ಇಷ್ಟ. ಆಗ ಇಷ್ಟ ಎಂದು ಗೊತ್ತಿರಲಿಲ್ಲ. "ಏನಕ್ಕಾ, ಹತ್ತ ಮಿನಿಟ ರೊಟ್ಟಿ ಬಡದ ಕಳಸಿಯಲ್ಲ" ಎಂದು ಚೇಷ್ಟೆ ಮಾಡುತ್ತಿದ್ದೆ.

ಹೋದ ವರ್ಷದ ಶ್ರಾವಣದಲ್ಲಿ ಅಕ್ಕ ತೀರಿಕೊಂಡಳು. ಹೊಟ್ಟೆಯ ಬೇನೆ. ಯಾರಿಗೂ ಹೇಳದೆ ಬಹಳ ದಿನ ಸಹಿಸಿದ್ದಳು. ಮಣ್ಣು ಕೊಟ್ಟು ತಿರುಗಿ ಬಂದ ಮೇಲೆ ಅವ್ವ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಸಂಜೆ ದೀಪ ಹಚ್ಚಿ ನನ್ನ ಬಳಿ ಬಂದು ಕುಳಿತಳು.

"ಅಕ್ಕನ್ನ ಹಚ್ಚೋ."

ರೇಡಿಯೋ ಹಚ್ಚು ಎಂದ ಹಾಗೆ. ಹಚ್ಚಿದೆ. ಅಂದಿನಿಂದ ದೀಪವಾದ ಮೇಲೆ ಅಕ್ಕನನ್ನು ಹಚ್ಚುವುದು ನಮ್ಮ ಮನೆಯ ವಾಡಿಕೆಯಾಯಿತು. ಅವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಡುವೆ ನಡುವೆ "ಹೂಂ" ಎನ್ನುತ್ತಿದ್ದಳು, ಮಗಳು ಎದುರಿಗೆ ಕುಳಿತಿದ್ದಾಳೋ ಎನ್ನುವಂತೆ.

ಈ ವರ್ಷ ಯುಗಾದಿಗೆ ಕಂಪ್ಯೂಟರು ತಂದೆ. ಪ್ರಶ್ನೆಪತ್ರಿಕೆ ತಯಾರಿಸಲು ಬೇಕಿತ್ತು ಎಂದು ಎಲ್ಲರಿಗೂ ಹೇಳಿದೆ. ಖರೆ ಹೇಳಬೇಕೆಂದರೆ, ಹೆಸರಿನ ಮುಂದೆ ಎರಡು ಡಿಗ್ರಿ ಇದ್ದವನ ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಹೇಗೆ ಎಂಬ ಹಮ್ಮೂ ಇತ್ತು. ಶಾಲೆಯಲ್ಲಿ ಗುಜರಿಗೆ ಹಾಕಿದ ಕಬ್ಬಿಣದ ಮೇಜನ್ನು ತಂದು, ಬಣ್ಣ ಬಳಿದು, ಅದರ ಮೇಲೆ ಕೂರಿಸಿದೆ. ಮೊಬೈಲು ತುಂಬಿ ಹೋಗಿತ್ತು. ಅಕ್ಕನ ಮಾತುಗಳನ್ನೆಲ್ಲ ಕಂಪ್ಯೂಟರಿಗೆ ಸಾಗಿಸಿ, 'ಬುತ್ತಿ' ಎಂದು ಫೋಲ್ಡರು ಮಾಡಿ ಅದರಲ್ಲಿಟ್ಟೆ. ಮೊಬೈಲಿನಿಂದ ಅಳಿಸಿದೆ. ಇನ್ನು ಭದ್ರವಾಯಿತು ಎಂದು ಅವ್ವನಿಗೆ ಹೇಳಿದೆ. "ಮೊಬೈಲ್ ಎಲ್ಲೆರ ಬಿದ್ದ ಹೊಕ್ಕೈತಿ. ಇದು ಹಂಗಲ್ಲ. ಇದರಾಗ ನೂರ ವರ್ಷ ಇರತೈತಿ." ನೂರು ವರ್ಷ ಎಂದು ನನಗೆ ಯಾರು ಹೇಳಿದ್ದರೋ.

ಮಹಾನವಮಿ ಬಂತು. ನಮ್ಮಲ್ಲಿ ಖಂಡೇಪೂಜೆಗೆ ಮನೆಯಲ್ಲಿರುವ ಕುಡಗೋಲು, ಕೊಡಲಿ, ಮಿಕ್ಸರು, ಮೋಟಾರುಸೈಕಲ್ಲು ಎಲ್ಲಕ್ಕೂ ಪೂಜೆ. ಹೊಸ ಕಂಪ್ಯೂಟರಿಗೆ ಮೊದಲ ಪೂಜೆ ಬೇರೆ. ಅವ್ವ ತಾಟು ಹಿಡಿದು ಬಂದು ಕೇಳಿದಳು:

"ಬಂದ್ ಮಾಡತೀ ಏನು, ಹಿಂಗ ಮಾಡೂಣು?"

"ಚಾಲೂನ ಇರಲಿ ಬೇ. ಎತ್ತಿಗೆ ಪೂಜಿ ಮಾಡುವಾಗ ಎಬ್ಬಿಸಿ ನಿಲ್ಲಸ್ತೀವೋ ಇಲ್ಲೋ?"

ನನ್ನ ಮಾತು ನನಗೇ ಹಿಡಿಸಿತು. ಅಷ್ಟಕ್ಕೇ ನಿಲ್ಲಲಿಲ್ಲ. ಅಕ್ಕನೂ ಪೂಜೆಗೆ ಇರಲಿ ಎಂದು ಬುತ್ತಿಯಲ್ಲಿದ್ದ ಒಂದು ಮಾತನ್ನು ಹಚ್ಚಿದೆ. ಅಕ್ಕ ಗಿಣ್ಣದ ಸುದ್ದಿ ಹೇಳತೊಡಗಿದಳು. ಅವ್ವ ವಿಭೂತಿ ಹಚ್ಚಿದಳು, ಚೆಂಡುಹೂವಿನಿಂದ ನೀರು ಚಿಮುಕಿಸಿದಳು, ಆರತಿ ಎತ್ತಿದಳು. ಕಾಯಿ ಎಲ್ಲಿ ಒಡೆಯುವುದು ಎಂಬ ಪ್ರಶ್ನೆ ಬಂತು. ಗಾಡಿಯಾದರೆ ಗಾಲಿಯ ಮುಂದೆ. ಇದಕ್ಕೆ ಗಾಲಿ ಎಲ್ಲಿದೆ?

"ಹೊರಗ ಹೊಸ್ತಲದಾಗ ಒಡಿ" ಎಂದಳು ಅವ್ವ.

"ಪೂಜಿ ಇದಕ್ಕ, ಕಾಯಿ ಹೊಸ್ತಲಕ್ಕೇನು? ಇದರ ಮುಂದ ಆಗಬೇಕು" ಎಂದೆ. ಕಬ್ಬಿಣದ ಮೇಜಿನ ಅಂಚು ಕಲ್ಲಿಗಿಂತ ಚಲೋ ಕಂಡಿತು. ಒಂದೇ ಏಟು. ಎರಡು ಹೋಳು. ನೀರು ಮೇಜಿನಿಂದ ಸೋರಿ ನೆಲದ ಮೇಲೆ ಹರಿಯಿತು. ಆ ಏಟಿಗೆ ಅಕ್ಕನ ಮಾತು ತಟ್ಟನೆ ನಿಂತು, ಒಂದು ಉಸಿರಿನಷ್ಟು ಹೊತ್ತು ಬಿಟ್ಟು ಮುಂದುವರಿಯಿತು. "ಅಕ್ಕ ಬೆಚ್ಚಿದ್ಲು ನೋಡಬೇ" ಎಂದು ನಾನು ನಕ್ಕೆ. ಅವ್ವನೂ ನಕ್ಕಳು.

ಮೂರನೇ ದಿನ ಕಂಪ್ಯೂಟರಿನೊಳಗೆ ಟಕ್ ಟಕ್ ಎಂದು ಸದ್ದು ಶುರುವಾಯಿತು. ಮೊದಲು ಹಲ್ಲಿ ಎಂದುಕೊಂಡೆ. ಹಲ್ಲಿಯಾದರೆ ನಡುವೆ ಸುಮ್ಮನಿರುತ್ತಿತ್ತು. ಸಂಜೆ ದೀಪ ಹಚ್ಚಿ ಅವ್ವ ಬಂದು ಕುಳಿತಾಗ ಪರದೆ ಕಪ್ಪಾಗಿತ್ತು. ಏನು ಮಾಡಿದರೂ ಏಳಲಿಲ್ಲ. ಆಗ ನಾನು ಆಡಿದ ಮಾತನ್ನು ಇಲ್ಲಿ ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ.

"ಕಂಪ್ಯೂಟರಿಗೆ ಯಾರರ ನೀರ ಚಿಮಕಸ್ತಾರೇನಬೇ? ಎಮ್ಮಿ ಏನ ಇದು? ಒಳಗ ನೀರ ಹೋಗಿ ಕೆಟ್ಟೈತಿ. ತಿಳಿಯೂದಿಲ್ಲಂದ್ರ ಸುಮ್ನ ಕುಂದ್ರಬೇಕು."

ಅವ್ವ ತನ್ನ ಬಲಗೈಯನ್ನು ನೋಡಿಕೊಂಡಳು. ಎದ್ದು ಹೋದಳು.

ಮರುದಿನದಿಂದ ಅವಳು ಆ ಕೋಣೆಯೊಳಗೆ ಕಾಲಿಡಲಿಲ್ಲ. ಹೊಸ್ತಿಲಲ್ಲಿ ನಿಂತು ಮಾತಾಡಿ ಹೋಗುತ್ತಿದ್ದಳು. ಅಕ್ಕನ್ನ ಹಚ್ಚೋ ಎನ್ನುವುದು ನಿಂತೇ ಹೋಯಿತು. ಒಂದು ವಾರದ ಮೇಲೆ ನನ್ನ ಹೆಂಡತಿ ಶಾಂತಾ ಹೇಳಿದ ಮೇಲಷ್ಟೇ ನನ್ನ ಗಮನಕ್ಕೆ ಬಂದದ್ದು ಇನ್ನೊಂದು: ಅವ್ವ ಮನೆಯ ಯಾವ ಸ್ವಿಚ್ಚನ್ನೂ ಮುಟ್ಟುತ್ತಿರಲಿಲ್ಲ. ಸೆಕೆಯಾದರೂ ಫ್ಯಾನು ಹಾಕದೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. ಸಂಜೆ ಶಾಂತಾ ಸಂತೆಗೆ ಹೋದರೆ ಬರುವವರೆಗೂ ಕತ್ತಲಲ್ಲೇ ಕುಳಿತಿರುತ್ತಿದ್ದಳು.

"ಅತ್ತಿ, ಲೈಟ್ ಯಾಕ ಹಾಕಿಲ್ರಿ?" ಎಂದು ಶಾಂತಾ ಕೇಳಿದರೆ, "ನನ್ನ ಕೈ ಚಲೋ ಇಲ್ಲವ್ವಾ. ನೀನ ಹಾಕು" ಎಂದಿದ್ದಳಂತೆ.

ಇದನ್ನು ಹೇಳಿ ಶಾಂತಾ ನನ್ನತ್ತ ತಿರುಗಿದಳು. ಅವಳು ಹೊಲದ ಮನೆಯ ಮಗಳು, ಮಾತು ನೇರ. "ಅವರಿಗೆ ಬೈದ್ರಿ. ಇದ್ದಷ್ಟೂ ಒಂದ ಕಡೆ ಇಟ್ಟವರು ಯಾರ್ರಿ? ನಮ್ಮಪ್ಪ ಸಾಲಿ ಮೆಟ್ಟಲಾ ಹತ್ತಿಲ್ಲ. ಬಿತ್ತೂ ಜೋಳ ಎರಡ ಗಡಿಗ್ಯಾಗ ಇಡತಿದ್ದ. ಒಂದು ಮಾಳಿಗಿ ಮ್ಯಾಲ, ಒಂದು ಮೂಲ್ಯಾಗ. ಒಂದಕ್ಕ ಹುಳಾ ಬಿದ್ರ ಇನ್ನೊಂದ ಇರಲಿ ಅಂತ."

ಕಟಕೋಳಕ್ಕೆ ಫೋನು ಮಾಡಿ ಅಕ್ಕನ ಮಗನನ್ನು ಕೇಳಿದೆ. "ಮಾಮಾ, ಅವ್ವನ ಮೊಬೈಲ್ ಪೂರ್ತಿ ಅಳಿಸಿ ಒಬ್ರಿಗೆ ಕೊಟ್ಟಬಿಟ್ಟೆ. ಮನ್ಯಾಗ ನೋಡಿದಾಗೊಮ್ಮೆ ಜೀವ ಕೆಡತಿತ್ತು" ಎಂದ. ಅವನದೇನು ತಪ್ಪು.

ಬೈಲಹೊಂಗಲದಲ್ಲಿ ಕಂಪ್ಯೂಟರು ರಿಪೇರಿ ಮಾಡುವ ಈರಣ್ಣ ಹಾರ್ಡ್ ಡಿಸ್ಕನ್ನು ಹೊರತೆಗೆದು, ಇನ್ನೊಂದು ಕಂಪ್ಯೂಟರಿಗೆ ಹಚ್ಚಿ, ಕಿವಿಗೆ ಹಿಡಿದು ಕೇಳಿದ. ಅಂಗೈಯಗಲದ, ತೂಕದ ಒಂದು ಲೋಹದ ಡಬ್ಬಿ. ಒಳಗೆ ಅದೇ ಟಕ್ ಟಕ್.

"ಹೋತ್ರಿ ಸರ. ಆದ್ರ ಚಿಂತಿ ಮಾಡಬ್ಯಾಡ್ರಿ, ಇನ್ನೂ ಗ್ಯಾರಂಟಿ ಐತಿ. ಇದನ್ನ ತಿರಗಿ ಕೊಟ್ರ ಹೊಸಾದು ಕೊಡತಾರ."

"ಒಳಗಿಂದು?"

"ಒಳಗಿಂದಕ್ಕ ಯಾರೂ ಗ್ಯಾರಂಟಿ ಕೊಡೂದಿಲ್ರಿ ಸರ."

ಹುಬ್ಬಳ್ಳಿಯಲ್ಲಿ ಇಂಥವನ್ನು ಬಿಚ್ಚಿ ಒಳಗಿನದನ್ನು ತೆಗೆಯುವವರಿದ್ದಾರೆ, ಆದರೆ ಸೀಲು ಒಡೆದರೆ ಹೊಸದು ಸಿಗುವುದಿಲ್ಲ ಎಂದೂ ಹೇಳಿದ. ನನಗೆ ಹೊಸದು ಬೇಕಿರಲಿಲ್ಲ. ಡಬ್ಬಿ ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದೆ. ಧಾರವಾಡದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ನೋಡಿದೆ. ಡಬ್ಬಿಗೆ ಕಾಯುತ್ತ ನಿಲ್ಲುವ ಹುಡುಗರು ಯಾರೂ ಕಾಣಲಿಲ್ಲ.

ಹುಬ್ಬಳ್ಳಿಯ ಆ ಅಂಗಡಿಯಲ್ಲಿ ಕೆಲಸ ಮಾಡುವವಳು ಒಬ್ಬ ಹೆಣ್ಣುಮಗಳು, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವಳು. ಎರಡು ದಿನ ಬಿಟ್ಟು ಬರಲು ಹೇಳಿದಳು. ಹೋದೆ. ಕುಂದ್ರಿ ಸರ ಎಂದು ಮೊದಲು ನೀರು ಕೊಟ್ಟಳು. ಆಗಲೇ ನನಗೆ ತಿಳಿಯಿತು.

"ಫೋಲ್ಡರಿನ ಹೆಸರಷ್ಟ ಸಿಕ್ಕೈತ್ರಿ. ಬುತ್ತಿ ಅಂತ. ಒಳಗ ಏನೂ ಬರವಲ್ದು."

ಗಾಜಿನ ಪೆಟ್ಟಿಗೆಯೊಳಗೆ ಡಿಸ್ಕು ಬಾಯಿ ತೆರೆದುಕೊಂಡು ಬಿದ್ದಿತ್ತು. ಕನ್ನಡಿಯಂಥ ತಟ್ಟೆ. ಅದರ ಮೇಲೊಂದು ಸಣ್ಣ ಕಡ್ಡಿ. ತಟ್ಟೆಯ ಮೇಲೆ ಉಂಗುರದ ಹಾಗೆ ಗೀರು.

"ಈ ಕಡ್ಡಿ ತಟ್ಟಿಗೆ ಮುಟ್ಟಬಾರದ್ರಿ ಸರ. ಕೂದಲೆಳಿಗಿಂತ ಕಡಿಮಿ ಅಂತರದಾಗ ಮ್ಯಾಲ ಹಾರಾಡತೈತಿ. ಚಾಲೂ ಇದ್ದಾಗ ಎಲ್ಲೆರ ಏಟ ಬಿತ್ತೇನ್ರಿ? ಮೇಜ ಜೋರಾಗಿ ಅಳ್ಳಾಡೂದು, ಏನರ?"

"ನೀರ ಬಿದ್ದಿತ್ತು" ಎಂದೆ.

"ನೀರಿನ ಗುರುತ ಎಲ್ಲೂ ಇಲ್ರಿ. ಒಂದ ಹನೀನೂ ಹೋಗಿಲ್ಲ. ಇದು ಏಟಿಂದ ಆಗಿದ್ದು. ಒಂದ ಏಟ ಸಾಕ್ರಿ ಇದಕ್ಕ."

ಒಂದೇ ಏಟು. ನನಗೆ ಹೆಸರು ತಂದುಕೊಟ್ಟದ್ದೇ ಅದು.

ಮನೆಗೆ ಬಂದಾಗ ಸಂಜೆಯಾಗಿತ್ತು. ಶಾಂತಾ ಇರಲಿಲ್ಲ. ನಡುಮನೆಯಲ್ಲಿ ದೇವರ ದೀಪದ ಬೆಳಕೊಂದೇ. ಅವ್ವ ಗೋಡೆಗೆ ಆತು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಲೈಟು ಹಾಕಲು ಹೋದವನು ಹಾಕದೆ ಅವಳ ಎದುರಿಗೆ ಕುಳಿತೆ. ಇಡೀ ದಾರಿ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ.

"ಅವ್ವಾ, ನೀರಿಂದ ಕೆಟ್ಟಿಲ್ಲ ಅದು. ಕಾಯಿ ಒಡದಿದ್ದಕ್ಕ ಕೆಟ್ಟೈತಿ. ನಾ ಒಡದಿದ್ದಕ್ಕ."

"ಆಕಿ?"

"ಹೋದ್ಲಬೇ. ಏನೂ ಉಳದಿಲ್ಲ."

ಅವ್ವ ನನ್ನ ಮೊಣಕಾಲ ಮೇಲೆ ಕೈಯಿಟ್ಟಳು.

"ನನ್ನ ಸಮಾಧಾನಕ್ಕ ಹೇಳಾಕತ್ತಿ. ಇರಲಿ ಬಿಡು. ಆದದ್ದ ಆತು."

"ಇಲ್ಲಬೇ, ಖರೇನ..."

"ನೀ ಓದಿದಾಂವ. ಅವತ್ತ ನೀರಿಂದ ಆತಂದಿ. ಓದಿದಾಂವ ಸುಮ್ನ ಅಂತಾನೇನು? ನನಗ ತಿಳಿಯೂದಿಲ್ಲ. ಈಗ ಮುದುಕಿ ನೊಂದ್ಲು ಅಂತ ತಿರಿವಿ ಹೇಳಾಕತ್ತಿ."

ನನ್ನ ಡಿಗ್ರಿಯ ಬಗ್ಗೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಗೋಡೆಯ ಮೇಲೆ ಹರಿದ ಚಪ್ಪಲಿಯ ಆ ಫೋಟೋ ಇತ್ತು. ಸಿಟ್ಟಿನಲ್ಲಿ ಆಡಿದ ಒಂದು ಸುಳ್ಳನ್ನು ಅವ್ವ ಅದರ ಬಲದ ಮೇಲೆ ನಂಬಿದ್ದಳು, ಈಗ ಖರೆಯನ್ನು ನಂಬುತ್ತಿರಲಿಲ್ಲ. ಏನು ಹೇಳಿದರೆ ನಂಬಿಯಾಳು? ಕಡ್ಡಿ, ತಟ್ಟೆ, ಗೀರು ಅವಳಿಗೇನು? ಆಗ ನೆನಪಾಯಿತು.

"ಅವತ್ತ ಪೂಜಿ ಮಾಡುವಾಗ ಅಕ್ಕ ಮಾತಾಡಾಕತ್ತಿದ್ಲು, ಹೌದಿಲ್ಲೋ? ನೀ ನೀರ ಚಿಮುಕಿಸಿದಾಗ ಆಕಿ ಮಾತ ನಿಂತಿತ್ತೇನು?"

ಅವ್ವ ನೆನಪು ಮಾಡಿಕೊಂಡಳು. "ಇಲ್ಲ. ಗಿಣ್ಣದ ಸುದ್ದಿ ಹೇಳಾಕತ್ತಿದ್ಲು. ಆರತಿ ಎತ್ತುವಾಗೂ ಹೇಳಾಕತ್ತಿದ್ಲು."

"ಮತ್ತ ಯಾವಾಗ ನಿಂತ್ಲು?"

ದೀಪದ ಬೆಳಕಿನಲ್ಲಿ ಅವಳ ಮುಖ ನಿಧಾನವಾಗಿ ನನ್ನ ಕಡೆ ತಿರುಗಿತು.

"ಕಾಯಿ ಒಡದಾಗ" ಎಂದಳು. "ಅಕ್ಕ ಬೆಚ್ಚಿದ್ಲು ಅಂತ ನೀ ನಕ್ಕಿ."

"ಹೌದು."

"ನಾನೂ ನಕ್ಕೆ."

ಬಯ್ಯುತ್ತಾಳೆ ಎಂದುಕೊಂಡೆ; ಬಯ್ದಿದ್ದರೆ ಚಲೋ ಇತ್ತು. ಅವ್ವ ತನ್ನ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು. "ನೀರ ಹಿಡಿಯಾಕ ಯಾರೂ ಇರಲಿಲ್ಲ ನೋಡ ಅವತ್ತ" ಎಂದಷ್ಟೇ ಅಂದಳು. ಆಮೇಲೆ ಗೋಡೆ ಹಿಡಿದು ಎದ್ದು, ನಾಲ್ಕು ಹೆಜ್ಜೆ ನಡೆದು, ಸ್ವಿಚ್ಚು ಒತ್ತಿದಳು. ಬೆಳಕು ಬಂತು. ನಾನು ತಲೆ ತಗ್ಗಿಸಿಯೇ ಕುಳಿತಿದ್ದೆ.

ಅವ್ವ ತಿರುಗಿ ಬಂದು ತನ್ನ ಜಾಗದಲ್ಲಿ ಕುಳಿತು ಕಣ್ಣು ಮುಚ್ಚಿದಳು. ದೀಪವಾದ ಮೇಲೆ ಕುಳಿತುಕೊಳ್ಳುತ್ತಿದ್ದ ಹಾಗೆಯೇ.

"ತಮ್ಮಾ, ನಾ ಅಕ್ಕ ಮಾತಾಡಾಕತ್ತೇನಿ" ಎಂದಳು.

ನಾನು ತಲೆ ಎತ್ತಿದೆ.

"ಎಮ್ಮಿ ಈದೈತಿ. ಗಿಣ್ಣ ಮಾಡೇನಿ, ನೀ ಇರಬೇಕಿತ್ತ ನೋಡ." ಅಲ್ಲಿ ಅಕ್ಕ ಒಮ್ಮೆ ಕೋಳಿಯನ್ನು ಓಡಿಸುತ್ತಿದ್ದಳು. ಅವ್ವನೂ "ಹುಶ್" ಎಂದಳು. ಅದಾದ ಮೇಲೆ ಗುಡ್ಡಕ್ಕೆ ಹೋದದ್ದು, ದಂಡೆ ಮಟ್ಟ ಬಂದ ನೀರು. ಅದಾದ ಮೇಲೆ ಮಗನಿಗೆ ಕನ್ಯೆ ನೋಡಿದ್ದು. ಒಂದಾದ ಮೇಲೊಂದು, ಬಂದ ಕ್ರಮದಲ್ಲೇ, ಒಂದು ಮಾತೂ ಬಿಡದೆ. ಓದು ಬಾರದ ಅವ್ವ ಒಂದು ವರ್ಷಕ್ಕೂ ಹೆಚ್ಚು ಕಾಲ ದಿನಾ ಸಂಜೆ ಕಣ್ಣು ಮುಚ್ಚಿ ಅದನ್ನೇ ಕೇಳಿದ್ದಳು. ತನ್ನ ಕೈಯಿಂದಲೇ ಮಗಳು ಹೋದಳು ಎಂದುಕೊಂಡವಳು ಇಷ್ಟು ದಿನ ಬಾಯಿಬಿಟ್ಟಿರಲಿಲ್ಲ.

ಧ್ವನಿ ಅಕ್ಕನದಲ್ಲ. ಅದನ್ನು ಒಪ್ಪಿಕೊಳ್ಳಬೇಕು. ಅಕ್ಕ 'ತಮ್ಮಾ' ಎಂದು ಕೊನೆಯಲ್ಲಿ ಸ್ವಲ್ಪ ಎಳೆಯುತ್ತಿದ್ದಳು, ಅದು ಅವ್ವನ ಗಂಟಲಲ್ಲಿ ಬರುವುದಿಲ್ಲ. ಅವ್ವನೂ ಒಂದೆರಡು ಸಲ ನಿಂತು, "ಹಿಂಗಲ್ಲ, ಬ್ಯಾರೆ ಥರಾ ಅಂತಿದ್ಲು" ಎಂದು ಮತ್ತೆ ಹೇಳಿ ನೋಡಿದಳು. ಬರಲಿಲ್ಲ. ಇನ್ನು ಎಲ್ಲೂ ಬರುವುದಿಲ್ಲ.

ಕೊನೆಯ ಮಾತನ್ನು ಹೇಳುವ ಮೊದಲು ಅವ್ವ ಒಮ್ಮೆ ಕೆಮ್ಮಿದಳು. ಅದರಲ್ಲಿ ಅಕ್ಕನೂ ಕೆಮ್ಮಿದ್ದಳು.

"ತಮ್ಮಾ, ನಾ ಅಕ್ಕ ಮಾತಾಡಾಕತ್ತೇನಿ. ಪಂಚಮಿಗೆ ಉಂಡಿ ಹಾಕಿ ಕಳಸಿದ ಡಬ್ಬಿ ನಿಮ್ಮಲ್ಲೇ ಉಳದೈತಿ. ಮಾಸ್ತರ ಆದ್ರೂ ನಿನಗ ಡಬ್ಬಿ ತಿರಗಿ ಕಳಸೂದು ತಿಳೀಲಿಲ್ಲ. ಅವಸರೇನಿಲ್ಲ. ನೀ ಬರುವಾಗ ತಾ. ಖಾಲಿ ತರಬ್ಯಾಡ."

ಆ ಡಬ್ಬಿ ಅಡುಗೆಮನೆಯ ಮೇಲಿನ ಹಲಗೆಯ ಮೇಲೆ ಇನ್ನೂ ಇತ್ತು. ಬೆಳೆ ತುಂಬಿಡಲು ಶಾಂತಾ ಉಪಯೋಗಿಸುತ್ತಿದ್ದಳು. ತೊಳೆದು ಒರೆಸಿ ಮೇಜಿನ ಮೇಲೆ ಇಟ್ಟಿದ್ದೇನೆ, ಕಂಪ್ಯೂಟರು ಇದ್ದ ಜಾಗದಲ್ಲಿ. ಅವ್ವ ಒಂದು ಹೆಂಟೆ ಬೆಲ್ಲ ಹಾಕಿದ್ದಾಳೆ. ನನ್ನದೂ ಏನಾದರೂ ಹಾಕಬೇಕಲ್ಲ ಎಂದು ಕುಳಿತು ಇದನ್ನು ಬರೆದೆ, ಕೈಯಿಂದಲೇ, ಅಕ್ಷರಗಳನ್ನು ದಪ್ಪಗೆ, ಬಿಡಿಬಿಡಿಯಾಗಿ. ಕೂಡಿಸಿ ಓದುವವಳು ಅಲ್ಲಿಲ್ಲ ಎಂದು ಗೊತ್ತಿದೆ. ಮಡಚಿ ಬೆಲ್ಲದ ಪಕ್ಕ ಇಡುತ್ತೇನೆ. ಬೆಳಿಗ್ಗೆ ಕಟಕೋಳದ ಬಸ್ಸಿಗೆ ಅವ್ವನೂ ಬರುತ್ತೇನೆ ಎಂದಿದ್ದಾಳೆ.